ದೋಣಿಯ ಡೀಸೆಲ್, ಗದ್ದೆಯ ಡೀಸೆಲ್

ಹಾಯಿದೋಣಿಗೆ ಡೀಸೆಲ್ ಯಾಕೆ ಬೇಕು ಅಂತ ಚಿಕ್ಕಯ್ಯನಛತ್ರದ ಟೀ ಅಂಗಡಿಯಲ್ಲಿ ಕೇಳಿ ನೋಡಿ, ನಗುತ್ತಾರೆ. ಗಾಳಿಯಲ್ಲಿ ಹೋಗೋದಕ್ಕೆ ಡೀಸೆಲ್ ಎಂಥದು? ನಮ್ಮ ಕಡೆಯವರಿಗೆ ಗೊತ್ತಿರುವುದು ಹರಿಗೋಲು, ನಂಜನಗೂಡಿನಲ್ಲಿ ಸ್ವಾಮಿಯ ತೆಪ್ಪ, ತಿರುಮಕೂಡಲಿನ ಸಂಗಮದ ದೋಣಿ. ಹಾಯಿ ಕಟ್ಟಿದ ದೋಣಿಯನ್ನು ನಾವೂ ಸಿನಿಮಾದಲ್ಲಿ ನೋಡಿದ್ದಷ್ಟೆ.

ಆದರೆ ಹಾಯಿದೋಣಿಯಲ್ಲೂ ಇಂಜಿನ್ ಇರುತ್ತೆ. ನೌಕಾಪಡೆಯ ಆರು ಜನ ಮಹಿಳಾ ಅಧಿಕಾರಿಗಳು ‘ತಾರಿಣಿ’ ಅನ್ನೋ ಹಾಯಿದೋಣಿಯಲ್ಲಿ 2017ರ ಸೆಪ್ಟೆಂಬರ್ 10ಕ್ಕೆ ಗೋವಾ ಬಿಟ್ಟು, ಪ್ರಪಂಚ ಸುತ್ತಿ 2018ರ ಮೇ 21ಕ್ಕೆ ವಾಪಸ್ ಬಂದರಲ್ಲ, ಪೇಪರಿನಲ್ಲಿ ಓದಿರ್ತೀರಿ. 254 ದಿನದ ಪ್ರಯಾಣ. ದೋಣಿಯ ಉದ್ದ 56 ಅಡಿ. ಇಂಥ ದೋಣಿಗಳು ಸಾಗುವುದು ಗಾಳಿಯಿಂದಲೇ. ಆದರೆ ಬಂದರಿಗೆ ಒಳಗೆ ಬರುವಾಗ, ಗಾಳಿ ಪೂರಾ ನಿಂತಾಗ, ಬ್ಯಾಟರಿ ಚಾರ್ಜ್ ಮಾಡುವಾಗ ಡೀಸೆಲ್ ಇಂಜಿನ್ ಬೇಕೇ ಬೇಕು. ಅಪರೂಪಕ್ಕೆ ಬೇಕಾಗುವ ಇಂಜಿನ್ ಅಂದಮೇಲೆ ಟ್ಯಾಂಕಿನಲ್ಲಿ ಡೀಸೆಲ್ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತೆ. ತೊಂದರೆ ಶುರುವಾಗೋದೇ ಅಲ್ಲಿಂದ.

ನಮ್ಮ ಗದ್ದೆಯ ಐದು ಎಚ್‌ಪಿ ಇಂಜಿನ್ನಿನ ಕತೆಯೂ ಅದೇ. ಕರೆಂಟ್ ಇರೋವರೆಗೆ ಅದನ್ನು ಯಾರೂ ಮುಟ್ಟಲ್ಲ. ಕರೆಂಟ್ ಹೋದ ದಿನ ಮಾತ್ರ ಅದು ಮೊದಲ ಹ್ಯಾಂಡಲ್ಲಿಗೇ ಸ್ಟಾರ್ಟ್ ಆಗಬೇಕು.

2018ರ ಆಗಸ್ಟ್ ನಮ್ಮ ಹೋಬಳಿಯವರಿಗೆ ನೆನಪಿರಬೇಕು. ಕಪಿಲೆ ಉಕ್ಕಿ, ಮಲ್ಲನಮೂಲೆ ಮಠದ ಹತ್ತಿರ ಮೈಸೂರು–ನಂಜನಗೂಡು ರಸ್ತೆಯ ಮೇಲೆ ನೀರು ನಿಂತು ಬಸ್ಸು ಬಂದಾಗಿತ್ತು. ನಾವು ಬೆಳಗ್ಗೆ ಪೂರ್ತಿ ಅಲ್ಲಿ ನಿಂತು ಫೋಟೊ ತೆಗೆದು ಡೆಸ್ಕಿಗೆ ಕಳಿಸಿ, ಮಧ್ಯಾಹ್ನ ಗದ್ದೆಗೆ ಓಡಿದೆವು. ಹೊಳೆ ಇಳಿದಿತ್ತು. ಆದರೆ ತಗ್ಗಿನ ಗದ್ದೆಗೆ ನುಗ್ಗಿದ ನೀರು ಹಿಂದೆ ಹೋಗಿರಲಿಲ್ಲ, ದೊಡ್ಡ ಬದುವಿನ ಈಚೆ ಕೆರೆ ಥರ ನಿಂತಿತ್ತು. ಅದರ ಅಡಿಯಲ್ಲಿ ಮೂರು ಮನೆಯವರ ಭತ್ತದ ಒಟ್ಲು. ಇಪ್ಪತ್ತು ದಿನದ ಸಸಿ. ಎರಡು ಮೂರು ದಿನದೊಳಗೆ ನೀರು ತೆಗೆದರೆ ಉಳಿಯುತ್ತೆ, ಅದಕ್ಕಿಂತ ತಡವಾದರೆ ಕೊಳೆಯುತ್ತೆ. ಕಂಬ ಬಿದ್ದು ಕರೆಂಟ್ ಇರಲಿಲ್ಲ.

ಇಂಜಿನ್ ಹೊತ್ತುಕೊಂಡು ಬಂದು ಬದುವಿನ ಮೇಲಿಟ್ಟೆವು. ಸ್ಟಾರ್ಟ್ ಆಯ್ತು. ಅರ್ಧ ಗಂಟೆಗೆ ಗೊರಗೊರ ಅಂದು ನಿಂತಿತು. ಫಿಲ್ಟರ್ ಬಿಚ್ಚಿ, ಪೈಪಿನ ಗಾಳಿ ತೆಗೆದು ಮತ್ತೆ ಹಚ್ಚಿದರೆ ಇನ್ನರ್ಧ ಗಂಟೆ. ಹೀಗೇ ರಾತ್ರಿಯಾಯ್ತು. ಬ್ಯಾಟರಿ ಬೆಳಕಿನಲ್ಲಿ ಡೀಸೆಲ್ಲನ್ನು ಗಾಜಿನ ಲೋಟಕ್ಕೆ ಬಿಟ್ಟು ನೋಡಿದರೆ ಅಡಿಯಲ್ಲಿ ಒಂದು ಬೆರಳು ನೀರು, ನೀರಿಗೂ ಡೀಸೆಲ್ಲಿಗೂ ನಡುವೆ ಕಪ್ಪಗೆ ಲೋಳೆ. ಮಾರನೇ ದಿನ ಪಂಪ್ ಕೂಡ ಹಿಡಿದುಕೊಂಡಿತು. ನಂಜನಗೂಡಿಗೆ ಒಯ್ದು ರಿಪೇರಿಯಾಗಿ ಬರುವ ಹೊತ್ತಿಗೆ ಐದು ದಿನ. ಒಟ್ಲು ಹಳದಿಯಾಗಿ ಮಲಗಿತ್ತು. ಮೂರು ಮನೆಯವರೂ ಆ ಸಲ ಸಸಿ ಹುಡುಕಿಕೊಂಡು ಟಿ. ನರಸೀಪುರದ ಕಡೆ ಹೋದರು. ಸಿಕ್ಕಷ್ಟು ಸಿಕ್ಕಿತು. ಒಂದು ಮನೆಯವರು ಆ ವರ್ಷ ಗದ್ದೆ ಬೀಳು ಬಿಟ್ಟರು.

ಪೀಪಾಯಿಗೆ ನೀರು ಹೇಗೆ ಬಂತು ಅಂತ ಎಲ್ಲರೂ ಒಂದೊಂದು ಹೇಳಿದರು. ಬಂಕಿನವರು ಬೆರೆಸಿದ್ದು ಅಂದರು ಕೆಲವರು. ಪ್ರವಾಹದ ನೀರು ಶೆಡ್ಡಿಗೆ ಬಂದಿರಲಿಲ್ಲ, ಅದು ನಮಗೆ ಗೊತ್ತಿತ್ತು. ಸರಿಯಾದ ಉತ್ತರ ಸಿಕ್ಕಿದ್ದು ಹತ್ತು ತಿಂಗಳ ಮೇಲೆ, ಸಮುದ್ರದ ದಡದಲ್ಲಿ.

ನಮ್ಮ ಡಿಪ್ಲೊಮಾ ಬ್ಯಾಚಿನ ಗೆಳೆಯನೊಬ್ಬ ಉಡುಪಿ ಕಡೆಯವನು. 2019ರ ಜೂನಿನಲ್ಲಿ ಅವನ ಜೊತೆ ಮಲ್ಪೆಗೆ ಹೋಗಿದ್ದೆವು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಮೀನು ಮರಿ ಹಾಕುವ ಕಾಲ, ಮೇಲೆ ಮಳೆಗಾಲದ ಕಡಲು. ಬಂದರಿನ ತುಂಬ ದೋಣಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಬಲೆ ಹೆಣೆಯೋರು, ಬಣ್ಣ ಬಳಿಯೋರು, ಇಂಜಿನ್ ಬಿಚ್ಚೋರು. ರಿಪೇರಿ ಕಾಲದ ಬಗ್ಗೆ ಒಂದು ಬರಹ ಮಾಡೋಣ ಅಂತ ಹೋದದ್ದು. ಬರಹ ಎರಡು ಕಾಲಂ ಬಂತು, ಅದಕ್ಕೆ ಸಿಕ್ಕ ಸಂಭಾವನೆ ಬಸ್ ಚಾರ್ಜಿಗೆ ಸಾಲಲಿಲ್ಲ. ಆದರೆ ಅಲ್ಲಿ ಒಬ್ಬ ಮೆಕ್ಯಾನಿಕ್ ಸಿಕ್ಕಿದರು. ಮೊದಲು ಗೋವಾದಲ್ಲಿ ಹಾಯಿದೋಣಿಗಳ ಇಂಜಿನ್ ಕೆಲಸ ಮಾಡಿದವರು. ನಮ್ಮ ಒಟ್ಲಿನ ಕತೆ ಕೇಳಿದ ಮೇಲೆ ಒಂದು ರಟ್ಟಿನ ಡಬ್ಬ ಹರಿದು, ಅದರ ಮೇಲೆ ಚಿತ್ರ ಬರೆದು ತೋರಿಸಿದರು. ಆ ರಟ್ಟು ಈಗಲೂ ನಮ್ಮ ಶೆಡ್ಡಿನಲ್ಲಿದೆ.

ಅವರು ಮೊದಲು ಹೇಳಿದ್ದು ಪೀಪಾಯಿಯ ಉಸಿರಾಟ. ಡ್ರಮ್ ನೆಟ್ಟಗೆ ನಿಲ್ಲಿಸಿದರೆ ಮೇಲಿನ ತಟ್ಟೆಯಲ್ಲಿ ಮಳೆ ನೀರು ನಿಲ್ಲುತ್ತೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಸಂದಿನಿಂದ ಆಚೆ ಹೋಗುತ್ತೆ. ರಾತ್ರಿ ತಣ್ಣಗಾದಾಗ ಅದೇ ಸಂದಿನಿಂದ ಒಳಕ್ಕೆ ಎಳೆದುಕೊಳ್ಳುತ್ತೆ. ಆಗ ಬಿರಡೆಯ ಮೇಲೆ ನೀರು ನಿಂತಿದ್ದರೆ ನೀರನ್ನೇ ಎಳೆಯುತ್ತೆ. ಬಿರಡೆ ಬಿಗಿಯಾಗಿದೆ ಅಂತ ನಮಗನ್ನಿಸಿದರೂ ದಿನಾ ಇಷ್ಟಿಷ್ಟು. ಮಳೆ ಬೀಳದಿದ್ದರೂ, ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ರಾತ್ರಿ ಇಬ್ಬನಿ ಕಟ್ಟಿ ಕೆಳಗಿಳಿಯುತ್ತೆ. ಡೀಸೆಲ್ ನೀರಿಗಿಂತ ಹಗುರ, ಲೀಟರಿಗೆ 820ರಿಂದ 845 ಗ್ರಾಂ. ಹಾಗಾಗಿ ನೀರು ಯಾವತ್ತೂ ತಳದಲ್ಲಿ, ಇಂಜಿನ್ನಿಗೆ ಹೋಗುವ ಪೈಪೂ ತಳದಲ್ಲಿ.

ಆ ಕಪ್ಪು ಲೋಳೆ ಗ್ರೀಸೂ ಅಲ್ಲ, ಕೆಸರೂ ಅಲ್ಲ. ಬೂಷ್ಟು. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ನೀರಿನಲ್ಲಿ ಬದುಕಿ ಡೀಸೆಲ್ ತಿನ್ನುತ್ತವೆ. ನೀರಿಲ್ಲದಿದ್ದರೆ ಅವೂ ಇಲ್ಲ.

ಮುಂದಿನದು ಸಮುದ್ರದವರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಶಾಂತ ನೀರಿನಲ್ಲಿ ಟ್ಯಾಂಕಿನ ಕಸ ತಳದಲ್ಲಿ ತಣ್ಣಗೆ ಮಲಗಿರುತ್ತೆ, ಇಂಜಿನ್ ಚೆನ್ನಾಗೇ ಓಡುತ್ತೆ. ಗಾಳಿ ಎದ್ದು ಅಲೆ ಹೊಡೆದಾಗ ಟ್ಯಾಂಕ್ ಕುಲುಕಿ ಕಸ, ನೀರು, ಲೋಳೆ ಎಲ್ಲ ಮೇಲೇಳುತ್ತೆ. ಹಾಯಿ ಇಳಿಸಿ, ಕಲ್ಲುಬಂಡೆಗಳ ನಡುವೆ ಬಂದರಿನ ಬಾಯಿಗೆ ಬರುತ್ತಿರುವಾಗ, ಸರಿಯಾಗಿ ಆಗಲೇ ಫಿಲ್ಟರ್ ಕಟ್ಟಿಕೊಂಡು ಇಂಜಿನ್ ನಿಲ್ಲುತ್ತೆ. ದೋಣಿ ಬಂಡೆಗೆ ಬಡಿದರೆ ಮುಗೀತು. ಅದಕ್ಕೇ ಅಲ್ಲಿ ಡೀಸೆಲ್ ಸೋಸುವ ವ್ಯವಸ್ಥೆಗೆ ಅಷ್ಟು ಮರ್ಯಾದೆ. ನಾವು ಕೇಳುತ್ತಾ ನೆನೆಸಿಕೊಂಡದ್ದು, ಇಂಜಿನ್ ಹೊತ್ತುಕೊಂಡು ಬದುವಿನ ಮೇಲೆ ಕುಲುಕಾಡಿಸುತ್ತಾ ಬಂದಿದ್ದೆವಲ್ಲ, ಅದನ್ನ. ರೋಟವೇಟರ್ ಹೊಡೆಯುವ ಟ್ರ್ಯಾಕ್ಟರಿನ ಟ್ಯಾಂಕೂ ಹೀಗೇ ಕುಲುಕುತ್ತೆ.

ರಟ್ಟಿನ ಮೇಲಿನ ಚಿತ್ರ ಹೀಗಿದೆ. ಟ್ಯಾಂಕಿನಿಂದ ಬಂದ ಡೀಸೆಲ್ ಮೊದಲು ಒಂದು ಬಟ್ಟಲಿಗೆ ಹೋಗುತ್ತೆ. ಅಲ್ಲಿ ಸುತ್ತು ತಿರುಗಿ ನಿಧಾನವಾಗುವಾಗ ಭಾರದ ನೀರು, ದೊಡ್ಡ ಕಸ ಕೆಳಗೆ ಬೀಳುತ್ತೆ. ಬಟ್ಟಲು ಪಾರದರ್ಶಕ, ನೀರು ನಿಂತದ್ದು ಕಣ್ಣಿಗೆ ಕಾಣುತ್ತೆ, ಅಡಿಯ ತಿರುಪು ಬಿಚ್ಚಿ ಬಿಟ್ಟರಾಯ್ತು. ಬಟ್ಟಲಿನ ಮೇಲೆಯೇ ಮೊದಲ ಫಿಲ್ಟರ್, 10 ಅಥವಾ 30 ಮೈಕ್ರಾನ್. ನಮ್ಮ ಕೂದಲು ಸುಮಾರು 70 ಮೈಕ್ರಾನ್ ದಪ್ಪ ಅಂದರೆ ಲೆಕ್ಕ ಸಿಗುತ್ತೆ. ಅದನ್ನು ದಾಟಿ ಇಂಜಿನ್ನಿನ ಮೇಲಿರುವ ಎರಡನೇ ಫಿಲ್ಟರ್, ಇನ್ನೂ ಸಣ್ಣ ಕಣ್ಣಿನದು. ಅದಾದ ಮೇಲೆ ಇಂಜೆಕ್ಷನ್ ಪಂಪ್, ನಾಜಲ್. ಎಲ್ಲವನ್ನೂ ಒಂದೇ ಸಣ್ಣ ಫಿಲ್ಟರಿನಲ್ಲಿ ಹಿಡಿಯಲು ಹೋದರೆ ಅದು ಬೇಗ ಕಟ್ಟಿಕೊಳ್ಳುತ್ತೆ. ರಾಗಿಯನ್ನು ಮೊದಲು ಒಂದರಿ ಆಡಿ, ಬೀಸಿದ ಮೇಲೆ ಜರಡಿ ಹಿಡಿಯೋದಿಲ್ಲವೇ, ಹಂಗೆ.

ದೂರ ಹೋಗುವ ಹಾಯಿದೋಣಿಯಲ್ಲಿ ಮೊದಲ ಫಿಲ್ಟರ್ ಒಂದಲ್ಲ, ಎರಡು ಅಕ್ಕಪಕ್ಕ. ನಡುವೆ ಒಂದು ತಿರುಗಿಸುವ ವಾಲ್ವ್. ಒಂದು ಕಟ್ಟಿಕೊಂಡರೆ ವಾಲ್ವ್ ತಿರುಗಿಸಿ ಇನ್ನೊಂದಕ್ಕೆ ಹೋಗೋದು, ಇಂಜಿನ್ ನಿಲ್ಲಿಸದೆ ಮೊದಲನೆಯದರ ಕಾರ್ಟ್ರಿಜ್ ಬದಲಿಸೋದು. ಜೊತೆಗೆ ಎಳೆತ ಅಳೆಯುವ ಒಂದು ಮೀಟರ್. ಫಿಲ್ಟರ್ ಹೊಸದಾಗಿದ್ದಾಗ ಮುಳ್ಳು ಸೊನ್ನೆಯ ಹತ್ತಿರ ಇರುತ್ತೆ. ಕಸ ಕಟ್ಟಿದ ಹಾಗೆ ಪಂಪ್ ಜೋರಾಗಿ ಎಳೆಯಬೇಕಾಗಿ ಮುಳ್ಳು ಏರುತ್ತೆ. ಇಂಜಿನ್ ನಿಲ್ಲೋದಕ್ಕೆ ಮುಂಚೆಯೇ ಗೊತ್ತಾಗುತ್ತೆ. ಇದು ನಮಗೆ ಬಹಳ ಹಿಡಿಸಿತು. ಆಸ್ಪತ್ರೆಯಲ್ಲಿ ಬಿಪಿ ನೋಡಿದ ಹಾಗೆ.

ಇನ್ನೊಂದು ಮಾತು ಅವರು ಎರಡು ಸಲ ಹೇಳಿದರು. ಟ್ಯಾಂಕಿನಿಂದ ಪಂಪಿನವರೆಗಿನ ಪೈಪು ಎಳೆಯುವ ಪೈಪು. ಅದರಲ್ಲಿ ಕ್ಲಿಪ್ಪು ಸಡಿಲವಾದರೆ ಡೀಸೆಲ್ ಸೋರಲೇಬೇಕು ಅಂತಿಲ್ಲ, ಗಾಳಿಯನ್ನು ಒಳಗೆ ಎಳೆಯುತ್ತೆ. ಹೊರಗೆ ಒಂದು ಹನಿ ಕಾಣಲ್ಲ, ಇಂಜಿನ್ ಮಾತ್ರ ಕೆಮ್ಮುತ್ತೆ. ಹಳೇ ಪೈಪಿಗೆ ತಂತಿ ಬಿಗಿದು ಕೆಲಸ ಸಾಗಿಸೋರು ಇದನ್ನು ನೆನಪಿಡಬೇಕು.

ನೀರು ಹೋದರೆ ಪಂಪ್ ಯಾಕೆ ಹಿಡಿದುಕೊಳ್ಳುತ್ತೆ ಅಂತಲೂ ಕೇಳಿದೆವು. ಪಂಪಿನೊಳಗಿನ ಪ್ಲಂಜರಿಗೂ ಅದರ ಗೂಡಿಗೂ ನಡುವೆ ಇರುವ ಜಾಗ ಕೆಲವೇ ಮೈಕ್ರಾನ್. ಅಷ್ಟು ಸಂದಿನಲ್ಲಿ ಅದಕ್ಕೆ ಎಣ್ಣೆ ಅಂತ ಬೇರೆ ಇಲ್ಲ, ಡೀಸೆಲ್ಲೇ ಎಣ್ಣೆ. ನೀರಿಗೆ ಆ ಜಿಡ್ಡು ಎಲ್ಲಿಂದ ಬರಬೇಕು? ಉಜ್ಜಿ ಗೀರು ಬೀಳುತ್ತೆ, ತುಕ್ಕು ಹಿಡಿಯುತ್ತೆ. ಬಿಸಿ ನಾಜಲ್ ತುದಿಯಲ್ಲಿ ನೀರು ಆವಿಯಾಗಿ ಸಿಡಿದರೆ ತುದಿಯೇ ಹಾರಬಹುದು. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೋ ಕಾರ್ಖಾನೆಯ ಪಂಪುಗಳನ್ನು ಬಿಚ್ಚಿ ಕಟ್ಟಿದ ಹಳೇ ಮೆಕ್ಯಾನಿಕ್‌ಗಳು ನಮ್ಮ ನಂಜನಗೂಡಿನಲ್ಲೂ ಇದ್ದಾರೆ. ಅವರು ಪ್ಲಂಜರನ್ನು ಬರಿಗೈಯಲ್ಲಿ ಮುಟ್ಟಲ್ಲ, ಡೀಸೆಲ್ಲಿನಲ್ಲಿ ಅದ್ದಿ ಇಡುತ್ತಾರೆ. ಯಾಕೆ ಅಂತ ಮಲ್ಪೆಗೆ ಹೋಗಿ ಬಂದ ಮೇಲೆ ಅರ್ಥವಾಯ್ತು.

ದೋಣಿಗೆ ಹಾಕುವ ಫಿಲ್ಟರ್ ಜೋಡಿಯ ಬೆಲೆ ಕೇಳಿ ನಾವು ಸುಮ್ಮನಾದೆವು. ಅಣ್ಣ ಹೇಳಿದ, ಟ್ರ್ಯಾಕ್ಟರಿನಲ್ಲೂ ಎರಡು ಫಿಲ್ಟರ್ ಅಕ್ಕಪಕ್ಕ ಇರುತ್ತಲ್ಲ, ಅದನ್ನೇ ಹಾಕೋಣ ಅಂತ. ನಿಜ. ಹಳೇ ಮಾದರಿ ಟ್ರ್ಯಾಕ್ಟರುಗಳ ಜೋಡಿ ಫಿಲ್ಟರ್ ಒಂದಾದ ಮೇಲೊಂದು ಸೋಸುವಂಥದು. ದೋಣಿಯಲ್ಲಿರುವ ಹಾಗೆ ಅದಲು ಬದಲು ಮಾಡೋಕೆ ಬರಲ್ಲ. ನಮಗೆ ಅಷ್ಟು ಬೇಕಾಗಿಯೂ ಇರಲಿಲ್ಲ, ನಮ್ಮ ಇಂಜಿನ್ ನಿಂತರೆ ಯಾರೂ ಮುಳುಗಲ್ಲ. ಡೀಸೆಲ್ಲನ್ನು ಇಂಜಿನ್ನಿನ ಟ್ಯಾಂಕಿಗೆ ಹಾಕುವ ಮುಂಚೆಯೇ ಸೋಸಿಬಿಟ್ಟರೆ ಸಾಕು.

ಜುಲೈನಲ್ಲಿ ಎರಡು ಭಾನುವಾರ ಕೆಲಸ ಮಾಡಿದೆವು. ಶೆಡ್ಡಿನೊಳಗೆ ಕಬ್ಬಿಣದ ಸ್ಟ್ಯಾಂಡ್, ಎದೆ ಎತ್ತರ. 200 ಲೀಟರ್ ಡೀಸೆಲ್ ಅಂದರೆ 165 ಕೆಜಿ ಮೇಲೆ, ಡ್ರಮ್ಮಿನ ತೂಕ ಬೇರೆ. ಹಾಗಾಗಿ ಸ್ಟ್ಯಾಂಡಿಗೆ ದಪ್ಪ ಆಂಗಲ್ಲೇ ಹಾಕಿಸಿದೆವು, ಖಾಲಿ ಡ್ರಮ್ ಮೇಲಿಟ್ಟ ನಂತರವೇ ತುಂಬಿದೆವು. ಡ್ರಮ್ ಅಡ್ಡ ಮಲಗಿಸಿ, ಹಿಂಭಾಗಕ್ಕೆ ಚೂರು ಇಳಿಜಾರು ಕೊಟ್ಟೆವು. ತೀರಾ ತಗ್ಗಿನ ಜಾಗದಲ್ಲಿ ಒಂದು ಚಿಕ್ಕ ನಲ್ಲಿ, ಅದು ನೀರು ಬಿಡುವುದಕ್ಕೆ ಮಾತ್ರ. ಡೀಸೆಲ್ ಹೊರಗೆ ಬರುವ ನಲ್ಲಿ ತಳದಿಂದ ನಾಲ್ಕು ಬೆರಳು ಮೇಲೆ. ಆ ನಾಲ್ಕು ಬೆರಳು ಡೀಸೆಲ್ ಯಾವತ್ತೂ ಡ್ರಮ್ಮಿನಲ್ಲೇ ಉಳಿಯುತ್ತೆ, ನಷ್ಟ ಅಂತ ಅಪ್ಪ ಗೊಣಗಿದರು. ನಲ್ಲಿಯಿಂದ ಪೈಪ್ ಬಂದು ಗಾಜಿನ ಬಟ್ಟಲು, ಅಲ್ಲಿಂದ ಟ್ರ್ಯಾಕ್ಟರಿನ ಜೋಡಿ ಫಿಲ್ಟರ್, ಅಲ್ಲಿಂದ ಕ್ಯಾನಿಗೆ. ಮೋಟರ್ ಇಲ್ಲ, ಎತ್ತರದ ಒತ್ತಡದಲ್ಲೇ ಇಳಿಯುತ್ತೆ. ಇಪ್ಪತ್ತು ಲೀಟರಿಗೆ ಕಾಲು ಗಂಟೆಗೂ ಮೇಲೆ ಹಿಡಿಯುತ್ತೆ. ನಿಧಾನ ಹೋದಷ್ಟೂ ಬಟ್ಟಲಿನಲ್ಲಿ ನೀರು ಚೆನ್ನಾಗಿ ಬೇರೆಯಾಗುತ್ತೆ, ಅವಸರ ಮಾಡಬಾರದು. ಹಳೇ ಕಬ್ಬಿಣ, ಬಟ್ಟಲು, ಫಿಲ್ಟರ್, ವೆಲ್ಡಿಂಗ್ ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗೀತು. ಹಿಂದಿನ ವರ್ಷ ಪಂಪ್ ರಿಪೇರಿಗೇ ಅದಕ್ಕಿಂತ ಹೆಚ್ಚು ಕೊಟ್ಟಿದ್ದೆವು.

ಮಾಡುವವರಿಗೆ ಎರಡು ಮೂರು ಮಾತು. ಜಿಐ ಪೈಪು, ತಾಮ್ರದ ಪೈಪು ಡೀಸೆಲ್ಲಿಗೆ ಬಳಸಬೇಡಿ. ಸತು ಡೀಸೆಲ್ಲಿನ ಜೊತೆ ಸೇರಿ ಸೋಪಿನಂಥ ಅಂಟು ಮಾಡುತ್ತೆ, ತಾಮ್ರ ಡೀಸೆಲ್ಲನ್ನು ಬೇಗ ಕೆಡಿಸುತ್ತೆ. ಮಾಮೂಲು ಕಬ್ಬಿಣ ಅಥವಾ ಡೀಸೆಲ್ಲಿಗೇ ಅಂತ ಮಾಡಿದ ರಬ್ಬರ್ ಪೈಪು ಸರಿ. ಕುಡಿಯುವ ನೀರಿನ ಫಿಲ್ಟರಿನ ಪ್ಲಾಸ್ಟಿಕ್ ಡಬ್ಬ ಹಾಕಬಹುದಲ್ಲ ಅಂತ ನಮ್ಮನ್ನು ತುಂಬ ಜನ ಕೇಳಿದ್ದಾರೆ. ಬೇಡ. ಅದು ಡೀಸೆಲ್ಲಿಗೆ ಬಿರುಕು ಬಿಡಬಹುದು, ಬೆಂಕಿ ತಗುಲಿದರೆ ಕರಗಿ ಇಡೀ ಡ್ರಮ್ಮನ್ನೇ ಸುರಿಸುತ್ತೆ. ಪಂಚೆ ಬಟ್ಟೆಯಲ್ಲಿ ಸೋಸುವ ಅಭ್ಯಾಸ ನಮ್ಮಲ್ಲಿ ಇದೆ. ಹುಲ್ಲುಕಡ್ಡಿ, ಇರುವೆ ಅದರಲ್ಲಿ ನಿಲ್ಲುತ್ತೆ. ನೀರು, ನುಣ್ಣನೆ ಮಣ್ಣು ದಾಟಿ ಹೋಗುತ್ತೆ, ಬಟ್ಟೆಯ ಎಳೆಯೂ ಜೊತೆಗೆ ಹೋಗುತ್ತೆ.

2019ರ ಆಗಸ್ಟಿನಲ್ಲಿ ಕಪಿಲೆ ಮತ್ತೆ ಬಂದಳು. ಮತ್ತೆ ಅದೇ ಮಲ್ಲನಮೂಲೆ, ಅದೇ ರಸ್ತೆ ಬಂದ್, ಡೆಸ್ಕಿನಿಂದ ಅದೇ ಫೋನು. ಒಟ್ಲು ಈ ಸಲ ಎರಡು ಕಡೆ ಇತ್ತು. ಹಿಂದಿನ ವರ್ಷ ಪೆಟ್ಟು ತಿಂದವರು ಬುದ್ಧಿವಂತಿಕೆಯಿಂದ ಅರ್ಧ ಬೀಜ ಮೇಲಿನ ಹೊಲದ ಅಂಚಿಗೆ ಚೆಲ್ಲಿದ್ದರು. ಆದರೂ ನೀರು ಅಲ್ಲಿಗೂ ಏರಿತು.

ನೀರು ಇಳಿಯಲು ಶುರುವಾದ ಸಂಜೆ ಇಂಜಿನ್ ಹಚ್ಚಿದೆವು. ಮೇಲಿನ ಪಾತಿಯಿಂದ ಶುರು ಮಾಡಿದೆವು. ಸೋಸಿದ ಡೀಸೆಲ್ಲಿನ ನಾಲ್ಕು ಕ್ಯಾನ್ ಪಕ್ಕದಲ್ಲಿತ್ತು. ರಾತ್ರಿ ಪೂರ್ತಿ ಓಡಿತು. ಟ್ಯಾಂಕ್ ತುಂಬಲು ನಾವು ನಿಲ್ಲಿಸಿದ್ದು ಬಿಟ್ಟರೆ ಅದಾಗಿ ಅದು ನಿಲ್ಲಲಿಲ್ಲ. ಬೆಳಗ್ಗೆ ಹೊತ್ತಿಗೆ ಸಸಿಯ ತುದಿ ಕಂಡಿತು, ಮಧ್ಯಾಹ್ನಕ್ಕೆ ಪಾತಿಯ ಕೆಸರು. ಆ ಒಟ್ಲು ಉಳಿಯಿತು. ಕೆಳಗಿನದಕ್ಕೆ ಎರಡು ದಿನ ಓಡಿಸಿದೆವು. ಹೊಳೆಯೇ ಬದುವಿನ ಮಟ್ಟಕ್ಕಿತ್ತು, ಆಚೆ ಹಾಕಿದಷ್ಟೂ ತೂಬಿನ ಸಂದಿನಿಂದ ಈಚೆ ಬರುತ್ತಿತ್ತು. ಕೈ ಬಿಟ್ಟೆವು. ಇಂಜಿನ್ ಎಷ್ಟು ಚೆನ್ನಾಗಿದ್ದರೂ ಹೊಳೆಯನ್ನು ಹೊಳೆಗೇ ಸುರಿದು ಖಾಲಿ ಮಾಡೋಕೆ ಆಗಲ್ಲ.

ಮೇಲಿನ ಒಟ್ಲಿನ ಸಸಿಯನ್ನು ಮೂರು ಮನೆಗೆ ಹಂಚಿದರು. ಸಸಿ ಕಮ್ಮಿ, ಹಾಗಾಗಿ ಅಂತರ ಬಿಟ್ಟು ಒಂಟಿ ಒಂಟಿ ನೆಟ್ಟರು. ಹಿಂದಿನ ವರ್ಷ ಬೀಳು ಬಿಟ್ಟಿದ್ದ ಮನೆಯವರ ಗದ್ದೆಯಲ್ಲೂ ಆ ಸಲ ನಾಟಿಯಾಯ್ತು.

ಈಚೆಗೆ ಎರಡು ಬದಲಾವಣೆಯಾಗಿವೆ, ಟ್ರ್ಯಾಕ್ಟರ್ ಇಟ್ಟುಕೊಂಡವರು ಗಮನಿಸಬೇಕು. 2020ರ ಏಪ್ರಿಲ್ 1ರಿಂದ ದೇಶದ ಎಲ್ಲ ಬಂಕಿನಲ್ಲೂ ಬಿಎಸ್-6 ಡೀಸೆಲ್. ಅದರಲ್ಲಿ ಗಂಧಕ 10 ಲಕ್ಷಕ್ಕೆ 10 ಪಾಲು ಮಾತ್ರ, ಮುಂಚಿನ ಬಿಎಸ್-4ರಲ್ಲಿ 50 ಇತ್ತು. ಹೊಗೆಗೆ ಒಳ್ಳೆಯದು. ಇದರ ಜೊತೆ ಜೈವಿಕ ಡೀಸೆಲ್ ಬೆರೆತಿದ್ದರೆ ಅದು ನೀರನ್ನು ಇನ್ನೂ ಹೆಚ್ಚು ಹೀರಿಕೊಳ್ಳುತ್ತೆ, ಬಹಳ ದಿನ ಇಡಬಾರದು. ಇನ್ನೊಂದು, 2023ರಿಂದ 50 ಎಚ್‌ಪಿಗಿಂತ ಮೇಲಿನ ಹೊಸ ಟ್ರ್ಯಾಕ್ಟರುಗಳಿಗೆ ಹೊಸ ಹೊಗೆ ನಿಯಮ ಬಂತು. ಅವುಗಳಲ್ಲಿ ಹೆಚ್ಚಿನವು ಕಂಪ್ಯೂಟರ್ ಹಿಡಿತದ ಹೆಚ್ಚು ಒತ್ತಡದ ಪಂಪಿನವು. ನಮ್ಮ ಐದು ಎಚ್‌ಪಿ ಇಂಜಿನ್ ಸ್ವಲ್ಪ ಕೊಳೆಯನ್ನು ಕೆಮ್ಮಿಕೊಂಡಾದರೂ ಸಹಿಸುತ್ತೆ. ಅವು ಸಹಿಸಲ್ಲ. ಅದರ ನಾಜಲ್ ಸೆಟ್ಟಿನ ಬಿಲ್ಲು ನೋಡಿದ ಪಕ್ಕದೂರಿನ ಕಬ್ಬಿನ ಗುತ್ತಿಗೆದಾರರೊಬ್ಬರು ನೇರ ನಮ್ಮ ಶೆಡ್ಡಿಗೆ ಬಂದು, ಬಟ್ಟಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

ಹೊಸ ಡೀಸೆಲ್ ತಂದ ದಿನ ಈಗ ನಾವು ಮಾಡೋದು ಇಷ್ಟು. ಬಿಳಿ ಗಾಜಿನ ಬಾಟಲಿಯಲ್ಲಿ ಅರ್ಧ ಲೀಟರ್ ಹಿಡಿದು ರಾತ್ರಿ ಅಲುಗಾಡದ ಜಾಗದಲ್ಲಿ ಇಡುತ್ತೇವೆ. ಬೆಳಗ್ಗೆ ಅಡಿಯಲ್ಲಿ ಗೆರೆ ಇದ್ದರೆ, ಅಥವಾ ಬೆಳಕಿಗೆ ಹಿಡಿದಾಗ ಮಬ್ಬಾಗಿದ್ದರೆ ನೀರಿದೆ ಅಂತ. ಡ್ರಮ್ಮಿಗೆ ಹಾಕಿದ ಮೇಲೆ ಒಂದು ದಿನ ತಂಗಲು ಬಿಟ್ಟು, ತಗ್ಗಿನ ನಲ್ಲಿಯಿಂದ ಒಂದು ಲೋಟ ಬಿಟ್ಟು ನೋಡುತ್ತೇವೆ. ಫಿಲ್ಟರ್ ಬದಲಿಸಿದಾಗ ಬಟ್ಟಲಿಗೆ ಡೀಸೆಲ್ ತುಂಬಿ, ಮೇಲಿನ ತಿರುಪು ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕಾದು ಬಿಗಿ ಮಾಡುತ್ತೇವೆ. ತಳದಿಂದ ಬಿಟ್ಟ ಕೊಳೆಯನ್ನು ಚರಂಡಿಗೋ ಹೊಳೆಗೋ ಸುರಿಯಲ್ಲ, ಕ್ಯಾನಿಗೆ ಹಾಕಿಟ್ಟು ತುಂಬಿದ ಮೇಲೆ ಗ್ಯಾರೇಜಿನವರ ಹಳೇ ಆಯಿಲ್ ಡ್ರಮ್ಮಿಗೆ ಕೊಡುತ್ತೇವೆ.

ಮೀಟರ್ ಮಾತ್ರ ಇನ್ನೂ ಹಾಕಿಲ್ಲ. ಎತ್ತರದಿಂದ ಇಳಿಯುವ ಡೀಸೆಲ್ಲಿಗೆ ಎಳೆತದ ಮೀಟರ್ ಕೆಲಸಕ್ಕೆ ಬರಲ್ಲ. ಅದರ ಬದಲು ಅಪ್ಪ ಒಂದು ಲೆಕ್ಕ ಹಿಡಿದಿದ್ದಾರೆ. ಕ್ಯಾನ್ ತುಂಬಲು ಎಷ್ಟು ಹೊತ್ತು ಹಿಡಿಯಿತು ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಹದಿನೇಳು ನಿಮಿಷ, ಹದಿನೆಂಟು, ಇಪ್ಪತ್ತೆರಡು. ಮೂವತ್ತು ದಾಟಿದರೆ ಕಾರ್ಟ್ರಿಜ್ ತರೋಕೆ ಅಣ್ಣನನ್ನು ನಂಜನಗೂಡಿಗೆ ಕಳಿಸುತ್ತಾರೆ. ಹೋದ ವಾರ ಇಪ್ಪತ್ತಾರು ಬಂದಿದೆ.